ಮಾವನ ಕ್ಯಾಮರಾಕ್ಕೆ ಜ್ವರ

ನನ್ನ ಸೋದರಮಾವ ಈ ಲೋಕದಲ್ಲಿ ಮುಟ್ಟಿ ನೋಡಿ ಜ್ವರ ವಿಚಾರಿಸುವುದು ಒಬ್ಬರದ್ದನ್ನು ಮಾತ್ರ. ಅತ್ತೆಯದ್ದಲ್ಲ, ನನ್ನದಂತೂ ಅಲ್ಲವೇ ಅಲ್ಲ. ಅವರ ಕಾರಿನ ಗಾಜಿಗೆ ಅಂಟಿಕೊಂಡು ದಾರಿಯನ್ನೆಲ್ಲ ಚಿತ್ರಿಸುವ ಡ್ಯಾಶ್‌ಕ್ಯಾಮ್‌ನದ್ದು!

ನಗಬೇಡಿ. ಮಾವ ಪಶುಸಂಗೋಪನಾ ಇಲಾಖೆಯಿಂದ ನಿವೃತ್ತರಾದವರು. ಕೊಯಿಲದಿಂದ ನೆಟ್ಟಣದವರೆಗೆ ಹಟ್ಟಿ ಹಟ್ಟಿ ತಿರುಗಿ, ದನಗಳ ಕಿವಿ ಹಿಡಿದು ಜ್ವರ ಹೇಳಿದ ಕೈ ಅದು. ಪಿಂಚಣಿ ಶುರುವಾದ ಕೂಡಲೇ ಕೈ ಸುಮ್ಮನಿರುತ್ತದೆಯೇ?

ಕ್ಯಾಮರಾ ಬಂದದ್ದಕ್ಕೆ ಮಾತ್ರ ಪೂರ್ತಿ ಹೊಣೆ ನನ್ನದು. ಕಾಲೇಜಿಗೆಂದು ನಾನು ನರಿಮೊಗರಿನ ಮಾವನ ಮನೆಯಲ್ಲೇ ಇರುವುದು. ಒಂದು ದಿನ ಮಾವ ಗೇಟಿನ ಕಂಬಕ್ಕೆ ಕಾರು ಗುದ್ದಿಸಿ ಬಂದರು. ಕಂಬವೇ ಈಚೆ ವಾಲಿತ್ತು ಎಂಬುದು ಅವರ ವಾದ. ಅತ್ತೆ ವಾದ ಕೇಳಲಿಲ್ಲ, ನೇರ ತೀರ್ಪು ಕೊಟ್ಟರು: “ವಯಸ್ಸು ಅರುವತ್ತೆಂಟಾಯ್ತು ಮಾರಾಯ್ರೆ. ಇನ್ನು ಒಂದು ಗೀರು ಬಿದ್ದರೆ ಕೀ ನನ್ನ ಕೈಗೆ. ಮತ್ತೆ ನಿಮಗೆ ಬಸ್ಸೇ.”

ಡಿಬೇಟಿನಲ್ಲಿ ನಾಲ್ಕಾರು ಕಪ್ಪು ಗೆದ್ದವಳು ನಾನು. ನಾಲಿಗೆ ಸುಮ್ಮನಿರಲಿಲ್ಲ. “ಮಾವ, ಕಂಬ ವಾಲಿದ್ದಕ್ಕೆ ಸಾಕ್ಷಿ ಉಂಟಾ?” ಎಂದೆ.

ಮೂರನೆಯ ದಿನ ಸಾಕ್ಷಿ ಕಾರಿನ ಗಾಜಿಗೆ ಅಂಟಿ ಕೂತಿತ್ತು!

ಆ ಸಾಕ್ಷಿಯ ಯೋಗ್ಯತೆ ತಿಳಿದದ್ದು ಏಪ್ರಿಲಿನಲ್ಲಿ, ಪುತ್ತೂರಿನ ಸೋಮವಾರದ ಸಂತೆಯ ದಿನ. ಬಿಸಿಲಿಗೆ ನಿಲ್ಲಿಸಿದ್ದ ಕಾರನ್ನು ಮಾವ ಹೊರಗೆ ತೆಗೆದು ಹತ್ತು ಮಾರು ಹೋಗಿರಲಿಲ್ಲ, ಒಬ್ಬರು ಬ್ಯಾರಿ ರಿಕ್ಷಾದವರು ಅಡ್ಡ ಬಂದು, ತಮ್ಮ ಕನ್ನಡಿಗೆ ತಾಗಿತು ಎಂದರು. ಮಾವನ ಮುಖ ಅರಳಿತು. ಇಂಥ ಒಂದು ಜಗಳಕ್ಕಾಗಿ ಅವರು ಎಷ್ಟು ವಾರಗಳಿಂದ ಕಾದಿದ್ದರೋ!

“ಮಾತು ಬೇಡ. ಕ್ಯಾಮರಾ ನೋಡುವ,” ಎಂದರು.

ಜನ ಸೇರಿದರು. ಮಾವ ಗುಂಡಿ ಒತ್ತಿದರು. ಕತ್ತಲೆ. ಇನ್ನೊಮ್ಮೆ ಒತ್ತಿದರು. ಕತ್ತಲೆ. ಅಷ್ಟರಲ್ಲಿ ಅಂಟು ಕರಗಿ ಕ್ಯಾಮರಾವೇ ಕಳಚಿ ಅವರ ಮಡಿಲಿಗೆ ಬಿತ್ತು. ಹಿಡಿಯಲು ಹೋದವರು “ಹಾ!” ಎಂದು ಕೈ ಕೊಡವಿದರು, ಕಾವಲಿಯಿಂದ ಆಗಷ್ಟೇ ಎಬ್ಬಿಸಿದ ದೋಸೆಯ ಹಾಗಿತ್ತು.

ರಿಕ್ಷಾದವರು ಬಗ್ಗಿ ನೋಡಿ, “ಎಂತ ಮಾರಾಯ್ರೆ, ಸಾಕ್ಷಿಗೆ ತಲೆ ತಿರುಗಿತಾ? ಸ್ವಲ್ಪ ಬೊಂಡ ಕುಡಿಸಿ,” ಎಂದರು. ಮಾವನೂ ನಕ್ಕರು. ನೋಡಿದರೆ ಎರಡು ಗಾಡಿಗೂ ಏನೂ ಆಗಿರಲಿಲ್ಲ. ಕೊನೆಗೆ ಎಳನೀರು ಕುಡಿದದ್ದು ಅವರಿಬ್ಬರು, ನಾನು ಮೂರನೆಯವಳು.

ಅಂದಿನಿಂದ ಚಿಕಿತ್ಸೆ ಆರಂಭವಾಯಿತು. ಕಾರು ಹತ್ತುವ ಮೊದಲು ಕ್ಯಾಮರಾದ ಬೆನ್ನು ಮುಟ್ಟಿ “ಸ್ವಲ್ಪ ಕಾವು ಉಂಟು” ಎನ್ನುವುದು, ಹೆಗಲ ಮೇಲಿನ ಬೈರಾಸು ಒದ್ದೆ ಮಾಡಿ ಗಾಜಿನ ಮೇಲೆ ಹಾಸುವುದು, ನೆರಳು ಸಿಗದೆ ಎಲ್ಲಿಯೂ ಕಾರು ನಿಲ್ಲಿಸದಿರುವುದು. ಆದರೆ ನೆರಳು ನಿಂತಲ್ಲೇ ನಿಲ್ಲುತ್ತದೆಯೇ? ಕಡಬದ ಒಂದು ಮದುವೆಗೆ ಹೋದಾಗ ಮಾವ ನೆರಳಿನ ಹಿಂದೆಯೇ ಕಾರು ಸರಿಸುತ್ತಾ ಹೋದರು. ತಾಳಿ ಕಟ್ಟುವಾಗ ಅವರು ಹಲಸಿನ ಮರದಡಿ, ಫೋಟೋ ತೆಗೆಯುವಾಗ ಮಾವಿನ ಮರದಡಿ. ಮೂರನೆಯ ಸಲ ಸರಿಸಿ ಬರುವಾಗ ನಾವೆಲ್ಲ ಪಾಯಸ ಮುಗಿಸಿ ಕೈ ತೊಳೆಯುತ್ತಿದ್ದೆವು!

“ಮದುಮಗಳು ಹೇಗೆ ಉಂಟು?” ಎಂದು ಮನೆಗೆ ಬರುವ ದಾರಿಯಲ್ಲಿ ಮಾವ ಕೇಳಿದರು.

“ಕ್ಯಾಮರಾದಲ್ಲಿ ನೋಡಿ,” ಎಂದರು ಅತ್ತೆ.

ಅಷ್ಟಕ್ಕೆ ಬಿಟ್ಟರೆ ಅವರು ನನ್ನ ಮಾವ ಹೇಗಾದಾರು? ಮರುದಿನ ಜಗಲಿಯಲ್ಲಿ ಕೂತು, ಅಡಿಕೆ ಹಾಳೆ ಕತ್ತರಿಸಿ ಪುಟ್ಟದೊಂದು ಮುಟ್ಟಾಳೆ ಹೊಲಿದರು. ಬಿಸಿಲಲ್ಲಿ ಕೆಲಸ ಮಾಡುವವರ ತಲೆಗೆ ಹಾಳೆಯ ಟೊಪ್ಪಿ ಬೇಕೆಂದಾದರೆ ಕ್ಯಾಮರಾಕ್ಕೆ ಬೇಡವೇ? ಟೊಪ್ಪಿ ತೊಟ್ಟ ಕ್ಯಾಮರಾ ಪುತ್ತೂರಿನಿಂದ ಸುಳ್ಯಕ್ಕೆ ಹೊರಟಿತು. ಜ್ವರ ಬರಲಿಲ್ಲ, ಒಪ್ಪಿದೆ. ಆದರೆ ಮೊದಲ ತಿರುವಿನಲ್ಲೇ ಟೊಪ್ಪಿ ಜಾರಿ ಕಣ್ಣಿನ ಮೇಲೆ ಕೂತಿತ್ತು! ಸಂಜೆ ಮನೆಮಂದಿ ಒಂದು ಗಂಟೆಯ ಕತ್ತಲೆಯನ್ನು ನೋಡಿದೆವು. ಕತ್ತಲೆಯೊಳಗಿಂದ ಮಾವನ ಸ್ವರ ಮಾತ್ರ: “ದಾರಿ ಕೊಡುದಿಲ್ಲವಾ ಮಾರಾಯ ನೀನು... ಬಸ್ಸು ಉಂಟೂಂತ ರಸ್ತೆ ನಿನ್ನದಾ?” ಜೊತೆಗೆ ಮೂಲೆಯಲ್ಲಿ ತಾರೀಕು, ಯಾವುದೋ ಹಳೆಯ ವರ್ಷದ ಜನವರಿ ಒಂದು. ಪ್ರತಿ ಸಲ ಕಾದು ಸತ್ತು ಹುಟ್ಟುವಾಗಲೂ ಅದಕ್ಕೆ ಹೊಸ ವರ್ಷವೇ.

ನಾನು ಎದ್ದು ನಿಂತು ವಾದ ಮಂಡಿಸಿದೆ. ಸಾಕ್ಷಿಯಾದವನು ಎಚ್ಚರ ಇರಬೇಕು, ಕಣ್ಣು ಬಿಟ್ಟಿರಬೇಕು, ಇವತ್ತು ಯಾವ ದಿನವೆಂದಾದರೂ ಅವನಿಗೆ ಗೊತ್ತಿರಬೇಕು. ಇದಕ್ಕೆ ಮೂರೂ ಇಲ್ಲ. ಬಿಸಿಲಿಗೆ ಒಳಗಿನ ಬ್ಯಾಟರಿ ಉಬ್ಬಿದರೆ ಅಪಾಯ ಬೇರೆ. ಆದ್ದರಿಂದ...

ಮಾವ ಕೈ ಎತ್ತಿದರು. “ನಿನಗೂ ಅದಕ್ಕೂ ಇರುವ ವ್ಯತ್ಯಾಸ ಗೊತ್ತುಂಟಾ? ಬಿಸಿಯಾದರೆ ಅದು ಬಂದ್ ಆಗುದು, ನೀನು ಶುರು ಆಗುದು.”

ಅತ್ತೆ ನಕ್ಕ ನಗುವಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಮಳೆಗಾಲ ಬಂತು. ನನಗೆ ಲೈಸೆನ್ಸ್ ಸಿಕ್ಕಿ ತಿಂಗಳಾಗಿರಲಿಲ್ಲ. ಕಾರು ಮುಟ್ಟಲು ಅತ್ತೆಯ ಅಪ್ಪಣೆ ಇಲ್ಲ. ಅವರು ಭಜನೆಗೆ ಹೋದ ಹೊತ್ತಿನಲ್ಲಿ ಮಾವ ಗುಟ್ಟಾಗಿ ಕೀ ಕೊಡುತ್ತಿದ್ದರು. ಒಂದು ಸಂಜೆ ಒಬ್ಬಳೇ ಅಂಗಡಿಯವರೆಗೆ ಹೋಗಿ ಬರುವಾಗ, ಮನೆಯ ಓಣಿಯ ಕೆಂಪುಕಲ್ಲಿನ ಗೋಡೆಗೆ ಎಡಬದಿ ಉಜ್ಜಿಸಿಬಿಟ್ಟೆ. ಎರಡು ಬಾಗಿಲಿನುದ್ದಕ್ಕೂ ಗೀರು! ಯಾರಿಗೂ ಹೇಳದೆ ಒಳಗೆ ಹೋಗಿ ಪುಸ್ತಕ ಹಿಡಿದು ಕೂತೆ.

ಅತ್ತೆ ಬಂದವರೇ ಅಂಗಳದಿಂದ ಕೂಗಿದರು: “ಇದು ಎಂತ ಇದು? ಎಲ್ಲಿ ಉಂಟು ನಿಮ್ಮ ಕ್ಯಾಮರಾ?”

ಮಾವ ಕ್ಯಾಮರಾ ಕಿತ್ತು ತಂದು ಒಳಗಿನ ಕೋಣೆಯಲ್ಲಿ ಒಬ್ಬರೇ ನೋಡಿದರು. ಬಾಗಿಲ ಈಚೆ ನನಗೆ ಕೇಳಿಸಿತು: ಕರ್‍ರೆಂದು ಕಲ್ಲು ಉಜ್ಜುವ ಸದ್ದು, ಹಿಂದೆಯೇ “ಅಯ್ಯಯ್ಯೋ!” ಎಂಬ ನನ್ನದೇ ಸ್ವರ.

ಮಾವ ಜಗಲಿಗೆ ಬಂದರು.

“ಎಂತ ಉಂಟು ಅದರಲ್ಲಿ?” ಎಂದರು ಅತ್ತೆ.

“ಎಂತ ಇಲ್ಲ. ಕಾದು ಬಂದ್ ಆಗಿದೆ.”

ಹೊರಗೆ ಮೂರು ದಿನದಿಂದ ಬಿಡದ ಮಳೆ. ಹಗ್ಗದ ಮೇಲಿನ ಬಟ್ಟೆ ಒಣಗಿರಲಿಲ್ಲ. ಮಾವ ಯಾರ ಮುಖವನ್ನೂ ನೋಡದೆ ಜೇಬಿನಿಂದ ಕೀ ತೆಗೆದು ಅತ್ತೆಯ ಕೈಯಲ್ಲಿಟ್ಟರು. “ಗೋಡೆ ಕಾಣಲಿಲ್ಲ ಮಾರಾಯ್ತಿ. ನನ್ನ ಕಣ್ಣೇ ಸರಿ ಇಲ್ಲ.”

ಒಂದು ಕಂಬಕ್ಕಾಗಿ ತಿಂಗಳುಗಟ್ಟಲೆ ವಾದಿಸಿದ ಮನುಷ್ಯ!

“ಅತ್ತೆ, ಅದು ನಾನು,” ಎಂದೆ. ಅಷ್ಟು ಸಣ್ಣ ಭಾಷಣ ನಾನು ಜನ್ಮದಲ್ಲಿ ಮಾಡಿಲ್ಲ.

ಮಾವನಿಗೆ ಸಿಟ್ಟು ಬಂದದ್ದು ಆಗ. “ಸುಮ್ಮನೆ ಇರ್ಲಿಕ್ಕೆ ಆಗುದಿಲ್ಲವಾ ನಿನಗೆ? ನಾನು ಓಡಿಸುವಷ್ಟು ಓಡಿಸಿ ಆಯ್ತು. ಈಗ ಹೆದರಿ ಬಿಟ್ಟರೆ ನೀನು ಮತ್ತೆ ಸ್ಟಿಯರಿಂಗ್ ಮುಟ್ಟುದಿಲ್ಲ.”

ಅತ್ತೆ ಇಬ್ಬರನ್ನೂ ನೋಡಿದರು. ಆಮೇಲೆ ಕೀಯನ್ನು ಜಗಲಿಯ ಕಟ್ಟೆಯ ಮೇಲಿಟ್ಟು, “ಒಬ್ಬರು ಕಾರು ಬಿಡಿ, ಒಬ್ಬರು ದಾರಿ ನೋಡಿ,” ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅದೇ ಓಣಿಯಲ್ಲಿ ನಾನು ಇಂಚಿಂಚಾಗಿ ಕಾರು ಹಿಂದಕ್ಕೆ ತೆಗೆಯುತ್ತಿದ್ದೆ. ಮಾವ ಕೊಡೆಯೂ ಇಲ್ಲದೆ ಮಳೆಯಲ್ಲಿ ನಿಂತಿದ್ದರು. ಎಡಗೈಯನ್ನು ಆ ಕೆಂಪುಕಲ್ಲಿನ ಗೋಡೆಗೆ ಚಪ್ಪಟೆಯಾಗಿ ಒತ್ತಿ ಹಿಡಿದಿದ್ದರು.

“ಬಾ, ಬಾ, ಇನ್ನೂ ಬಾ ಮಗಾ,” ಎಂದು ಕೂಗಿದರು. “ಹೆದರಬೇಡ. ಗೋಡೆಗಿಂತ ಮೊದಲು ನನ್ನ ಕೈ ಉಂಟು.”