ಅಂಟಿನ ಉಂಡೆಯೂ ಗ್ರೋತ್ ಫ್ಯಾಕ್ಟರೂ

ಎದೆಹಾಲಿನ ಬಗ್ಗೆ ಗಂಡಸರು ಮಾತಾಡಬಾರದೆಂದು ನಂಬಿ ಬೆಳೆದವನು ನಾನು. ಈಗ ನಮ್ಮ ಮನೆಯ ಗಂಡಸರು ಬೇರೆ ಮಾತೇ ಆಡುವುದಿಲ್ಲ. ಮಗಳು ಸುಮಾ ಬಾಣಂತನಕ್ಕೆಂದು ಪುಣೆಯ ನಮ್ಮ ಫ್ಲ್ಯಾಟಿಗೆ ಬಂದಿದ್ದಾಳೆ. ಅದನ್ನು ಮಾಡಬೇಕಾದವಳು, ನನ್ನ ಹೆಂಡತಿ, ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡಳು. ಹಾಗಾಗಿ ಬಾಣಂತನದ ಚಾರ್ಜು ನನ್ನದು.

ಅಳಿಯ ಕಿರಣ ಮೈಸೂರಿನವನು, ಇಲ್ಲೇ ಪುಣೆಯ ಖರಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಸಂಜೆ ಬಂದವನೇ ಕೂಸಿಗಿಂತ ಮೊದಲು ಮೊಬೈಲು ನೋಡುತ್ತಾನೆ. "ಮಾವ, ತಾಯಿಹಾಲಲ್ಲಿ ಗ್ರೋತ್ ಫ್ಯಾಕ್ಟರ್ಸ್ ಇರುತ್ತೆ. ಮಗು ಕರುಳಿನ ಒಳಪದರ ಬೆಳೆಯೋಕೆ ಅದೇ ಸಿಗ್ನಲ್ ಕೊಡೋದು." ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಸುಮಾ ಹಾಲಲ್ಲಿ ಎಷ್ಟಿದೆ ಅಂತ ಟೆಸ್ಟ್ ಮಾಡಿಸೋಣ. ನಾವು ಕೋಡನ್ನೇ ರಿವ್ಯೂ ಇಲ್ಲದೆ ಬಿಡಲ್ಲ" ಎಂದ. ಅಂಥ ಲ್ಯಾಬು ಸಿಗಲಿಲ್ಲ. ಸಂಶಯ ಮಾತ್ರ ಮನೆಗೆ ಬಂದು ಕೂತಿತು. ತಾಯಿ ಹೋದಾಗಿನಿಂದ ನಗುವುದನ್ನೇ ಬಿಟ್ಟಿದ್ದ ಸುಮಾ, "ಅಪ್ಪಾ, ನನ್ನ ಹಾಲಿನ್ಯಾಗ ಏನೂ ಇಲ್ಲೇನೋ. ಡಬ್ಬಿ ಪೌಡರ್ ಶುರು ಮಾಡ್ತೀನಿ" ಎಂದು ಅತ್ತಳು. ಕೂಸು ಚೆನ್ನಾಗಿ ಬೆಳೆಯುತ್ತಿದೆ, ನಿಶ್ಚಿಂತೆಯಿಂದ ಕುಡಿಸಿ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಸುಮಾ ನಂಬಲಿಲ್ಲ. ಅವಳ ಅವ್ವ ಹೇಳಿದ್ದರೆ ನಂಬುತ್ತಿದ್ದಳು. ಡಬ್ಬಿಯೂ ಬಂತು.

ಅವ್ವನಿಲ್ಲದಿದ್ದರೆ ಅವಳು ಬಾಣಂತಿಯರಿಗೆ ಕಟ್ಟುತ್ತಿದ್ದ ಅಂಟಿನ ಉಂಡೆಯಾದರೂ ಇರಲೆಂದು ನಾನೇ ಅಡುಗೆಮನೆಗೆ ಇಳಿದೆ. ಕೊಬ್ಬರಿ, ಉತ್ತತ್ತಿ, ಬೆಲ್ಲ, ಮರದ ಗೋಂದಿನ ಅಂಟು ಎಲ್ಲ ಕುಟ್ಟಿ ಉಂಡೆ ಕಟ್ಟಿದೆ. ಮೊದಲು ಕಚ್ಚಿದವನು ಅಳಿಯ. ಕಟ್ಟೆಂದು ಸದ್ದಾಯಿತು. ಆಮೇಲೆ ಬಾಯಿ ಬಿಡಲಾಗಲಿಲ್ಲ.

"ಅಪ್ಪಾ, ಅಂಟು ತುಪ್ಪದಾಗ ಕರದಿಲ್ಲೇನು?"

"ಅದನ್ನ ಕರೀಬೇಕೇನವ್ವಾ?"

ಗ್ರೋತ್ ಫ್ಯಾಕ್ಟರಿನ ಪಂಡಿತ ಎರಡೂ ದವಡೆ ಹಿಡಿದುಕೊಂಡು "ಮ್ಮ್, ಮ್ಮ್" ಎನ್ನುತ್ತಿದ್ದ. ಸುಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಗದ್ದಲಕ್ಕೆ ಕೂಸು ಎದ್ದು ಚೀರಿತು. ನಗುತ್ತಲೇ ಎತ್ತಿಕೊಂಡು, ಫ್ಯಾಕ್ಟರಿನ ನೆನಪಿಲ್ಲದೆ ಎದೆಗೆ ಹಚ್ಚಿಕೊಂಡಳು. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ.

ಅಂಟು ಕರಿಯುವುದು ನನಗೆ ತಿಳಿಯದಿದ್ದುದಕ್ಕೆ ಕಾರಣವಿದೆ. ಅರಳಿದ ಅಂಟನ್ನು ತಾಟಿನಿಂದ ಕದ್ದು ತಿನ್ನುತ್ತೇನೆಂದು ಹೆಂಡತಿ ಕರಿಯುವ ಹೊತ್ತಿಗೇ ನನ್ನನ್ನು ಬೈದು ಬಾಲ್ಕನಿಗೆ ಅಟ್ಟುತ್ತಿದ್ದಳು. ಮರುದಿನ ನಾನೇ ಕರಿದೆ. ಅರಳಿದ್ದನ್ನು ಎಂದಿನಂತೆ ಬಾಯಿಗೆ ಹಾಕಿಕೊಂಡು ಹಿಂದೆ ತಿರುಗಿ ನೋಡಿದೆ. ಅಟ್ಟುವವರು ಯಾರೂ ಇರಲಿಲ್ಲ. ನಾನಾಗಿಯೇ ಹೋಗಿ ಬಾಲ್ಕನಿಯಲ್ಲಿ ನಿಂತೆ.

"ಅಪ್ಪಾ, ಒಲಿ ಹಚ್ಚಿಟ್ಟು ಅಲ್ಲೇನ್ ಮಾಡ್ಲಿಕತ್ತೀ?" ಎಂದು ಸುಮಾ ಒಳಗಿನಿಂದ ಕೂಗುವಷ್ಟರಲ್ಲಿ ಬಾಣಲೆಯ ಅಂಟು ಕರಕಲಾಗಿತ್ತು. ಒಳಗೆ ಹೋಗಿ ಮನಸಾರೆ ಬೈಸಿಕೊಂಡೆ.