ಡಂಗುರ ಬಟ್ಟೆ ತೂಗಿದ ಕಥೆ

“ಬಟ್ಟೆ ಆರಿಸೋದು ಏನು ಬ್ರಹ್ಮವಿದ್ಯೆಯೇ ಅತ್ತಿಗೆ? ನಲವತ್ತು ಚೀಲ ತಾನೆ! ನಾನಿದ್ದೀನಲ್ಲ, ನೀವು ನಿಶ್ಚಿಂತೆಯಾಗಿರಿ!”

ಹೀಗೆ ಎದೆ ತಟ್ಟಿಕೊಂಡವನು ಡಂಗುರ. ಕೇಳಿಸಿಕೊಂಡವರು, ಎರಡು ತಿಂಗಳ ಹಿಂದೆ ತೀರಿಕೊಂಡ ಅವನ ಗೆಳೆಯ ತಕ್ಕಡಿಯ ಹೆಂಡತಿ. ಅವರು ಡಂಗುರನ ಮುಖವನ್ನೊಮ್ಮೆ ನೋಡಿ, “ಹೊರಗಡೆ ಕೊಂಡ್ಕೊಂಡ್ರೂ ನಡೆಯುತ್ತೆ ಕಣಪ್ಪ” ಎಂದರು. ಆ ಮೆಲುದನಿಯಲ್ಲಿದ್ದ ಎಚ್ಚರಿಕೆ ಡಂಗುರನ ಕಿವಿಗೆ ಬೀಳಲಿಲ್ಲ. ಸ್ವಂತ ದನಿ ಬಿಟ್ಟರೆ ಬೇರೇನೂ ಅವನ ಕಿವಿಗೆ ಬೀಳುವುದು ಅಪರೂಪ. ಆ ಹೆಸರು ಬಂದದ್ದೇ ಹಾಗೆ.

ಇಪ್ಪತ್ತೆರಡು ವರ್ಷ ಇಬ್ಬರೂ ಸೇರಿ ಚೀಲ ಹೊಲಿಯುವ ಅಂಗಡಿ ನಡೆಸಿದ್ದರು. ನೇಯ್ಗೆಯೇ ಇಲ್ಲದ, ಎಳೆಗಳನ್ನು ಬಿಸಿಯಲ್ಲಿ ಒತ್ತಿ ಅಂಟಿಸಿದ ನಾನ್‌ವೋವನ್ ಬಟ್ಟೆಯ ಚೀಲಗಳು. ಗಿರಾಕಿಗಳ ಹತ್ತಿರ ಮಾತಾಡುವುದು ಡಂಗುರನ ಕೆಲಸ. ಬಟ್ಟೆ ಆರಿಸಿ ಹೊಲಿಯುವುದು ತಕ್ಕಡಿಯ ಕೆಲಸ. ಅವನು ಬಟ್ಟೆಯ ಅಂಚನ್ನು ಎರಡು ಬೆರಳ ನಡುವೆ ಒಮ್ಮೆ ಉಜ್ಜಿ “ಅರವತ್ತು” ಎಂದರೆ ಅರವತ್ತೇ; ಅದಕ್ಕೇ ಅವನು ತಕ್ಕಡಿ. ಅಂದರೆ, ಮೀಟರ್ ಉದ್ದ ಮೀಟರ್ ಅಗಲದ ತುಂಡು ಅರವತ್ತು ಗ್ರಾಂ ತೂಗುತ್ತದೆ ಎಂದರ್ಥ. ಇದನ್ನು ಅವನು ಡಂಗುರನಿಗೆ ನೂರು ಸಲ ವಿವರಿಸಿದ್ದ. ನೂರು ಸಲವೂ ಡಂಗುರ ಫೋನಿನಲ್ಲಿದ್ದ!

ತಕ್ಕಡಿಗೆ ಪುಸ್ತಕದ ಹುಚ್ಚು. ಕಾಯಿಲೆಯಾಗಿ ಮಲಗಿದಲ್ಲಿಂದಲೇ ಯಾವ ಪುಸ್ತಕ ಯಾವ ಗೆಳೆಯನಿಗೆ ಎಂದು ಚೀಟಿ ಹಚ್ಚಿಸಿದ್ದ. “ಎಲ್ಲರನ್ನೂ ಕರೆದು ಕೊಡಿ. ನಮ್ಮ ಅಂಗಡಿ ಚೀಲದಲ್ಲೇ ಕೊಡಿ” ಎಂಬುದೊಂದೇ ಅವನ ಕೋರಿಕೆ. ಆ ಮಾತನ್ನು ಬೇರೆಯವರ ಚೀಲಕ್ಕೆ ತುಂಬಿಸಿ ಕಳಿಸುವುದೆ? ಡಂಗುರನಿಗೆ ಅದು ಆಗದ ಮಾತು.

ತೊಡಕು ಒಂದೇ. ಗೆಳೆಯ ತೀರಿಕೊಂಡ ವಾರ, ಸುಮ್ಮನೆ ಕೂರಲಾರದೆ, ಡಂಗುರ ಅಂಗಡಿಯನ್ನು ಮೂಲೆಮೂಲೆಯೂ ಗುಡಿಸಿ ಒರೆಸಿದ್ದ. ಆ ಭರದಲ್ಲಿ ರೋಲುಗಳ ಮೇಲೆ ತಕ್ಕಡಿ ತೂಕ ಬರೆದಿದ್ದ ಹರಕು ಚೀಟಿಗಳನ್ನೆಲ್ಲ ಕಿತ್ತೆಸೆದು, ರೋಲುಗಳನ್ನು ಬಣ್ಣದ ಪ್ರಕಾರ ನಿಲ್ಲಿಸಿದ್ದ. ಕಾಮನಬಿಲ್ಲೇ ಇಳಿದು ಬಂದಂತಿತ್ತು! ಯಾವುದರ ತೂಕ ಎಷ್ಟೆಂದು ಮಾತ್ರ ದೇವರಿಗೇ ಗೊತ್ತು.

ಆಗ ಹೊಳೆಯಿತು ಉಪಾಯ. ತೂಕ ತಾನೆ ಬೇಕು? ತೂಗಿದರಾಯಿತು! ಡಂಗುರ ಮನೆಗೆ ಹೋಗಿ ಮೈತೂಕ ನೋಡುವ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

“ಅದನ್ನ ಎಲ್ಲಿಗ್ರೀ ಒಯ್ತಿದೀರಿ?” ಹೆಂಡತಿ ಅಡ್ಡ ನಿಂತಳು.

“ಬಟ್ಟೆ ತೂಗಕ್ಕೆ. ಯಂತ್ರ ಸುಳ್ಳು ಹೇಳಲ್ಲ.”

“ಹೋದ ತಿಂಗಳು ನೀವು ಹತ್ತಿ ನಿಂತಾಗ ‘ಇದು ಶುದ್ಧ ಸುಳ್ಳುಬುರುಕ ಯಂತ್ರ’ ಅಂದ್ರಲ್ಲ?”

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ವಿಜ್ಞಾನಿಗಳು ಉತ್ತರ ಕೊಡುವುದಿಲ್ಲ.

ಡಂಗುರ ಒಂದೊಂದೇ ರೋಲನ್ನು ಮಗುವಿನಂತೆ ತಬ್ಬಿಕೊಂಡು ಯಂತ್ರದ ಮೇಲೆ ಕೂರಿಸಿದ. ಕಡುನೀಲಿ ರೋಲು ಹದಿನೆಂಟು ಕಿಲೋ! ಅದೇ ಗಟ್ಟಿ ಬಟ್ಟೆ, ಚೀಲಕ್ಕೆ. ಬಿಳಿ ರೋಲು ಬರೀ ನಾಲ್ಕು ಕಿಲೋ. ಅದೇ ತೆಳು ಬಟ್ಟೆ; ತಾರಸಿಯ ಸಸಿಗಳಿಗೆ ಹೊದಿಸಲು ಹೆಂಡತಿ ಹಗುರವಾದದ್ದು ಕೇಳಿದ್ದಳಲ್ಲ, ಅವಳಿಗೆ. ನೀಲಿ ರೋಲು ಈಗಷ್ಟೇ ಬಿಚ್ಚಿದ ಹೊಸದು, ಬಿಳಿಯದು ಕತ್ತರಿಸಿ ಕತ್ತರಿಸಿ ಉಳಿದ ತುದಿ ಎಂಬುದು ಆ ಮಹಾತೂಕದ ಮುಂದೆ ತೀರಾ ಸಣ್ಣ ವಿಷಯವಾಗಿ ಕಂಡಿತು.

ನಾಲ್ಕು ದಿನ ಕೂತು ನಲವತ್ತು ಚೀಲ ಹೊಲಿದ. ಹೆಂಡತಿ ಒಂದನ್ನು ಕಿಟಕಿಗೆ ಹಿಡಿದಳು.

“ಅಲ್ರೀ, ಇದರೊಳಗಿಂದ ಎದುರು ಮನೆ ಕಾಣ್ತಿದೆ!”

“ಗಾಳಿಯಾಡೋ ಬಟ್ಟೆ ಕಣೇ. ಪುಸ್ತಕಕ್ಕೆ ಒಳ್ಳೇದು.”

“ನನ್ನ ಸಸಿಗೆ ಕೊಟ್ಟಿದ್ದು ಮಾತ್ರ ಗಾಳಿಯಾಡಲ್ಲ, ಬೆಳಕೂ ಬಿಡಲ್ಲ. ಕಂಬಳಿ ಹೊದ್ದ ಹಾಗೆ ಬಗ್ಗಿ ಬಿಳಿಚಿಕೊಂಡಿವೆ, ಪಾಪ!”

“ಹೊಸ ಬಟ್ಟೆ. ನಾಚಿಕೆ ಇರುತ್ತೆ” ಎಂದ ಡಂಗುರ.

ಭಾನುವಾರ ಗೆಳೆಯರೆಲ್ಲ ತಕ್ಕಡಿಯ ಮನೆಯ ನಡುಮನೆಯಲ್ಲಿ ಸೇರಿದರು. ಡಂಗುರ ಎದ್ದು ನಿಂತು, “ಈ ಚೀಲಗಳು ನಮ್ಮ ಸ್ನೇಹದಷ್ಟೇ ಗಟ್ಟಿ!” ಎಂದು ಸಾರಿದ. ಕನ್ನಡಕದ ಅಂಗಡಿಯವರು ಕಣ್ಣೊರೆಸಿಕೊಂಡು ತಮ್ಮ ಚೀಲ ಎತ್ತಿದರು.

ಚರ್ರ್!

ಹಿಡಿಗಳೆರಡು ಕೈಯಲ್ಲಿ ಉಳಿದವು. ಚೀಲ, ಪುಸ್ತಕ ಎಲ್ಲ ನೆಲದಲ್ಲಿ. ಅವರ ಹಿಂದೆ ಪೋಸ್ಟ್‌ಮನ್ನರ ಚೀಲ ಚರ್ರ್. ಇನ್ನೊಂದು, ಮತ್ತೊಂದು! ಗೆಳೆಯರು ಹರಿದ ಹಿಡಿಗಳನ್ನು ಹಿಡಿದು, ಲಗಾಮು ಮಾತ್ರ ಉಳಿದ ಕುದುರೆ ಸವಾರರಂತೆ ನಿಂತರು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅವರ ಭುಜ ಅಲುಗುತ್ತಿತ್ತು. ಅಳಿಸಿಬಿಟ್ಟೆನಲ್ಲ! ಡಂಗುರನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಉಳಿಸಿದವಳು ಹೆಂಡತಿ. ಎರಡು ಬೀದಿ ಓಡಿ, ಸಸಿಗಳ ಮೇಲಿದ್ದ ಬಿಳಿ ಬಟ್ಟೆಯನ್ನೆಲ್ಲ ಕಿತ್ತು ತಂದು, ಮಣ್ಣು ಕೊಡವಿ ಹರವಿದಳು. “ಚೀಲದ ಬಟ್ಟೆ ಇದು ಕಣ್ರೀ, ಜಗ್ಗಿ ನೋಡಿ!” ಎಲ್ಲರೂ ಜಗ್ಗಿದರು. ಹರಿಯಲಿಲ್ಲ. ಪುಸ್ತಕಗಳು ಗಂಟು ಕಟ್ಟಿಸಿಕೊಂಡು ಮನೆಮನೆಗೆ ಹೊರಟವು. ಹರಿದ ನೀಲಿ ಚೀಲಗಳನ್ನು ಅವಳು ಮಡಚಿ ಇಟ್ಟುಕೊಂಡಳು. ಸಸಿಗಳಿಗೆ ಅಳತೆ ಮಾಡಿಸಿದಂತಿದ್ದವು.

ಕೊನೆಗೆ ಉಳಿದದ್ದು ಡಂಗುರನ ಪಾಲು: ದಪ್ಪ ನಿಘಂಟು. ಅದರ ಮೇಲಿನ ಚೀಟಿ: “ಡಂಗುರನಿಗೆ. ಆಡುವ ಮೊದಲು ಅರ್ಥ ನೋಡಲಿ.” ಮುನಿಸಿನಿಂದ ಅದನ್ನು ತೆರೆಯದೆಯೇ ಚೀಲಕ್ಕೆ ಹಾಕಿದ್ದ. ಎತ್ತಿದ, ಅದೂ ಚರ್ರ್! ನಿಘಂಟು ಅವನ ಕಾಲ ಹೆಬ್ಬೆರಳ ಮೇಲೆಯೇ ಬಿದ್ದು ಬಾಯಿ ತೆರೆಯಿತು. ಒಳಗೊಂದು ರಟ್ಟು. ಅದಕ್ಕೆ ಪಿನ್ನು ಹೊಡೆದ ಮೂರು ಬಟ್ಟೆ ತುಂಡು, ಪಕ್ಕದಲ್ಲಿ ತಕ್ಕಡಿಯ ನಡುಗುವ ಅಕ್ಷರ.

“ಮೂವತ್ತು: ಸಸಿಗೆ. ಬೆಳಕು ದಾಟಬೇಕು. ಅರವತ್ತು: ಕೋಟಿನ ಕವರಿಗೆ. ತೊಂಬತ್ತು: ಚೀಲಕ್ಕೆ. ಪುಸ್ತಕ ಹಾಕುವುದಾದರೆ ಹಿಡಿಗೆ ಎರಡು ಹೊಲಿಗೆ. ಬೆರಳಲ್ಲಿ ಉಜ್ಜಿ ನೋಡುತ್ತಿರು, ನಿಧಾನಕ್ಕೆ ಬರುತ್ತೆ. ಯಾವ ಕಾರಣಕ್ಕೂ ಇಡೀ ರೋಲು ತೂಗಬೇಡ ಕಣೋ!”

ಡಂಗುರ ರಟ್ಟನ್ನು ತಿರುಗಿಸಿದ.

“ಆಗಲೇ ತೂಗಿಯಾಗಿದ್ದರೆ, ಹೋಗಿ ಇವಳಿಗೆ ಹೇಳು. ನಕ್ಕು ಬಹಳ ದಿನ ಆಗಿರುತ್ತೆ.”

ಅಕ್ಷರಗಳು ಮಂಜಾದವು. ಗಟ್ಟಿ ಚೀಲ ಹೊಲಿದಿದ್ದರೆ ಈ ನಿಘಂಟು ಹಾಗೆಯೇ ಅಟ್ಟಕ್ಕೆ ಹೋಗುತ್ತಿತ್ತು. ಜನ್ಮದಲ್ಲಿ ಮೊದಲ ಸಲ ಡಂಗುರ ತನ್ನ ದಡ್ಡತನಕ್ಕೆ ಕೈಮುಗಿದ. ಕುಂಟುತ್ತ ಒಳಗೆ ಹೋಗಿ, ರಟ್ಟನ್ನು ಅತ್ತಿಗೆಯ ಕೈಗಿಟ್ಟು, ತೀರಾ ಸಣ್ಣ ದನಿಯಲ್ಲಿ ಹೇಳಿದ:

“ಅತ್ತಿಗೆ, ನಾನು... ರೋಲು ತೂಗಿದೆ. ಮೈತೂಕದ ಯಂತ್ರದ ಮೇಲೆ.”

ಅತ್ತಿಗೆ ಓದಿದರು. ತಿರುಗಿಸಿ ಓದಿದರು. ಅಷ್ಟು ಹೊತ್ತು ಸೆರಗಿನಲ್ಲಿ ಒತ್ತಿ ಹಿಡಿದದ್ದು ಅಳುವಲ್ಲ, ನಗು ಎಂದು ಡಂಗುರನಿಗೆ ತಿಳಿದದ್ದು ಆಗ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಂದ ನೀರನ್ನು ಒರೆಸಿಕೊಳ್ಳದೆ ಮತ್ತೂ ನಕ್ಕರು.

“ಅವ್ರು ಬಟ್ಟೆಯನ್ನಾದರೂ ಉಜ್ಜಿ ನೋಡಿ ತಿಳ್ಕೋತಿದ್ರು ಕಣಪ್ಪ. ನಿನ್ನನ್ನ ಉಜ್ಜಿ ನೋಡೋದೂ ಬೇಕಾಗಿರಲಿಲ್ಲ!”