ಗಂಟಲು ಕಟ್ಟಿದ ಗೊಂಬೆ

"ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅಮ್ಮ ಮಾತಾಡದಿದ್ರೆ, ಈ ಸ್ಪ್ಯಾನರ್ ಪೆಟ್ಟಿಗೆ ನಿಮ್ಮ ಮೇಜಿನ ಮೇಲಿಟ್ಟು, ಬಂದ ದಾರಿ ಹಿಡಿದು ಹೊರಟುಬಿಡ್ತೀನಿ," ಎಂದು ಡಾಕ್ಟರು ಮ್ಯಾನೇಜರರ ಮುಂದೆ ಎದೆಯುಬ್ಬಿಸಿ ಘೋಷಿಸಿದರು. ಘೋಷಣೆ ಮುಗಿದ ಮೇಲೆ ಮಂಡಿ ನೋಯುತ್ತಿದ್ದುದರಿಂದ ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತರು. ಪ್ರತಿಜ್ಞೆಯನ್ನು ನಿಂತೇ ಮಾಡಬೇಕು ನಿಜ. ಆದರೆ ಐವತ್ತಾರನೆಯ ವಯಸ್ಸಿನಲ್ಲಿ ಭೀಷಣ ಪ್ರತಿಜ್ಞೆಗೂ ಪಕ್ಕದಲ್ಲೊಂದು ಕುರ್ಚಿ ಬೇಕಾಗುತ್ತದೆ.

ಡಾಕ್ಟರು ಅಂದರೆ ನಾಡಿ ಹಿಡಿಯುವ ಡಾಕ್ಟರಲ್ಲ. ಆ ಮನರಂಜನಾ ಪಾರ್ಕಿನಲ್ಲಿ ಯಂತ್ರದ ಗೊಂಬೆಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕು. ಮೂವತ್ತೊಂದು ವರ್ಷಗಳಿಂದ ಗೊಂಬೆಗಳ ಕೀಲು ಸರಿಮಾಡಿ, ಕತ್ತು ತಿರುವಿ, ಕಣ್ಣಿಗೆ ಎಣ್ಣೆ ಬಿಟ್ಟು, ಕೊನೆಗೆ ಹೆಸರೇ ಡಾಕ್ಟರು ಎಂದಾಗಿತ್ತು. ಅವರ ಆಸ್ಪತ್ರೆಯಲ್ಲಿ ರೋಗಿಗಳು ಯಾರೂ ಗುಣವಾಗಿ ಮನೆಗೆ ಹೋಗುತ್ತಿರಲಿಲ್ಲ. ಸಾಯುತ್ತಲೂ ಇರಲಿಲ್ಲ.

ಅವರ ಖಾಸಾ ರೋಗಿಗಳು ಇದ್ದದ್ದು 'ನಾಳೆಯ ಮನೆ' ಎಂಬ ರೈಡಿನಲ್ಲಿ. ಜನರನ್ನು ಕೂರಿಸಿಕೊಂಡ ಸಣ್ಣ ಬಂಡಿಗಳು ಹಳಿಯ ಮೇಲೆ ತೆವಳುತ್ತಾ ಒಂದು ಮನೆಯೊಳಗೆ ಹೊಕ್ಕು ಹೊರಬರುತ್ತವೆ. ಭವಿಷ್ಯದ ಸಂಸಾರ ಹೇಗಿರುತ್ತದೆಂದು ತೋರಿಸಲು ಕಟ್ಟಿದ ಮನೆ ಅದು. ಮೊದಲ ಕೋಣೆಯಲ್ಲಿ ಅಜ್ಜಿ ಗೊಂಬೆ ಸ್ವೆಟರ್ ಹೆಣೆಯುತ್ತದೆ. ಮೂವತ್ತೊಂದು ವರ್ಷವಾದರೂ ಒಂದು ತೋಳು ಮುಗಿದಿಲ್ಲ. ನಾಯಿ ಬಾಲ ಅಲ್ಲಾಡಿಸಿದರೆ ತುಕ್ಕು ಹಿಡಿದ ಬಾಗಿಲು ತೆಗೆದ ಸದ್ದು ಬರುತ್ತದೆ. ಅಡುಗೆಮನೆಯಲ್ಲಿ ಅಮ್ಮ ಗೊಂಬೆ ಪಾತ್ರೆಯಲ್ಲಿ ಸೌಟು ತಿರುವುತ್ತದೆ, ಎದುರಿಗೆ ಅಪ್ಪ ಗೊಂಬೆ ಕುರ್ಚಿಯಲ್ಲಿ ಕೂತು ಸುರುಳಿ ವೈರಿನ ಟೆಲಿಫೋನು ಹಿಡಿದಿರುತ್ತದೆ. ನಾಳೆ ಎಂದೋ ಬಂದು, ಹೇಳದೆ ಕೇಳದೆ ಹಿಂಬಾಗಿಲಿಂದ ಹೊರಟುಹೋಗಿತ್ತು. ಆ ಸಂಸಾರಕ್ಕೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

ಈಗೀಗ ಒಳಗೆ ಬರುತ್ತಿದ್ದವರು ಕಾಲು ನೋಯುವವರು. ನೆರಳಿದೆ, ಕೂರಲು ಸೀಟಿದೆ, ಆರು ನಿಮಿಷ ಯಾರೂ ಎಬ್ಬಿಸುವುದಿಲ್ಲ. ಗೊಂಬೆಗಳನ್ನು ಅವರು ನೋಡುತ್ತಿರಲಿಲ್ಲ, ಗೊಂಬೆಗಳೂ ಅವರನ್ನು ನೋಡುತ್ತಿರಲಿಲ್ಲ. ಇಬ್ಬರಿಗೂ ಸುಸ್ತು.

ಅಮ್ಮ ಗೊಂಬೆಯ ದನಿ ಡಾಕ್ಟರ ಹೆಂಡತಿಯದು. ಮದುವೆಗೆ ಮೊದಲು ಆಕೆ ಅದೇ ಪಾರ್ಕಿನ ಗೇಟಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ದನಿ ಚೆನ್ನಾಗಿದೆಯೆಂದು ಯಾರೋ ಕರೆದೊಯ್ದು ಟೇಪಿನಲ್ಲಿ ಹಿಡಿದಿದ್ದರು: "ಬನ್ನಿ, ಬನ್ನಿ. ನಮ್ಮ ಮನೆಯಲ್ಲಿ ಕೆಲಸವೆಲ್ಲ ತಾನಾಗಿಯೇ ಆಗುತ್ತೆ. ನನಗೆ ದಣಿವೇ ಇಲ್ಲ." ಗೊಂಬೆಯ ದವಡೆಯ ಹಲ್ಲುಚಕ್ರ ಕೊರೆದದ್ದೂ ಆ ಮಾತಿನ ಅಳತೆಗೇ. ಅದನ್ನು ಕೊರೆಯುತ್ತಾ ಕೊರೆಯುತ್ತಾ, ಒಂದೇ ವಾಕ್ಯವನ್ನು ನೂರು ಸಲ ಕೇಳುತ್ತಾ, ಇಪ್ಪತ್ತೈದರ ಹುಡುಗ ಆ ದನಿಗೇ ಮನಸೋತು, ಮೂರು ವರ್ಷದ ಮೇಲೆ ಅದನ್ನೇ ಮದುವೆಯಾಗಿಬಿಟ್ಟಿದ್ದ.

ಮೂರು ವಾರದ ಹಿಂದೆ ಆ ದನಿ ಮೊದಲು ನೆಗಡಿಯಾದ ಗಂಡಸಿನಂತಾಯಿತು, ಆಮೇಲೆ ಟೇಪು ಯಂತ್ರಕ್ಕೆ ಸಿಕ್ಕಿ ಎಳೆ ಎಳೆಯಾಯಿತು. ಅಮ್ಮ ಮೂಕಿಯಾದಳು. ಅವಳ ಮಾತು ನಿಂತಾಗಲೆಲ್ಲ ಅಪ್ಪ ತಲೆಯಾಡಿಸಬೇಕೆಂದು ವೈರು ಜೋಡಿಸಿದ್ದರಿಂದ, ಅಪ್ಪ ಮೂರು ವಾರ ಬಿಡುವಿಲ್ಲದೆ ತಲೆಯಾಡಿಸಿ ಕತ್ತಿನ ಬೋಲ್ಟು ಸಡಿಲ ಮಾಡಿಕೊಂಡಿತ್ತು.

ಈಗ ಪಾರ್ಕನ್ನು ಹೊಸ ಯಜಮಾನಿ ಕೊಂಡಿದ್ದರು. ಶನಿವಾರ ಬಂದು ನೋಡುತ್ತಾರೆ. ಹಿಡಿಸದಿದ್ದರೆ 'ನಾಳೆಯ ಮನೆ' ನೆಲಸಮ, ಅಲ್ಲಿ ಸಿನಿಮಾದ ದೊಡ್ಡ ಪರದೆ ಬರುತ್ತದೆ. ಪರದೆಗೆ ಡಾಕ್ಟರು ಬೇಕಿಲ್ಲ.

"ಆಫೀಸಿನ ಹುಡುಗಿ ಕೈಲಿ ಎರಡು ಮಾತು ಹೇಳಿಸಿಬಿಡಿ ಡಾಕ್ಟ್ರೇ," ಎಂದಿದ್ದರು ಮ್ಯಾನೇಜರು.

"ಆ ಬಾಯಿಗೆ ಬೇರೆಯವರ ಮಾತು ಕೂರಲ್ಲ ಸಾರ್. ಒಂದೇ ಗಂಟಲು."

ಆ ಗಂಟಲು ಈಗ ಹೋಟೆಲುಗಳಿಗೆ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ದಿನವಿಡೀ ಮಿಷನ್ ತುಳಿದು, ಸಂಜೆ ಆರಕ್ಕೆ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಒಲೆ ಹಚ್ಚುತ್ತಿತ್ತು. ಡಾಕ್ಟರು ಹಳೆಯ ಮೊಬೈಲನ್ನು ಆಕೆಯ ಮೂಗಿನ ಕೆಳಗೆ ಹಿಡಿದರು.

"ಒಂದೇ ವಾಕ್ಯ ಕಣೇ. ನಗುನಗುತಾ ಹೇಳ್ಬೇಕು."

ಮೊದಲ ಸಲ ಆಕೆ ಕೋರ್ಟಿನ ನೋಟೀಸು ಓದಿದಂತೆ ಓದತೊಡಗಿದಳು, ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ಎರಡನೆಯ ಸಲ 'ತಾನಾಗಿಯೇ' ಎಂಬಲ್ಲಿ ಹಾಲು ಉಕ್ಕಿತು. ಮೂರನೆಯ ಸಲ "ನನಗೆ" ಎಂಬಲ್ಲಿ ಆಕಳಿಕೆ ಬಂದು, ಬಾಯಿ ಮುಚ್ಚುವ ಹೊತ್ತಿಗೆ ಯಾವ ವಾಕ್ಯವೆಂಬುದೇ ಮರೆತಿತ್ತು.

"ನನ್ನ ಕೈಲಾಗಲ್ಲ ರೀ," ಎಂದಳು ಒಲೆ ಒರೆಸುತ್ತಾ. "ಸುಳ್ಳು ಹೇಳೋಕೂ ಮೈಯಲ್ಲಿ ಶಕ್ತಿ ಬೇಕು."

"ಮೂವತ್ತೊಂದು ವರ್ಷದ ಹಿಂದೆ ಹೇಳಿದ್ಯಲ್ಲ?"

"ಆಗ ಅದು ಸುಳ್ಳು ಅಂತ ಗೊತ್ತಿರ್ಲಿಲ್ಲ."

ಇಲ್ಲಿಗೆ ಬೇರೆ ಯಾರಾದರೂ ಕೈಚೆಲ್ಲುತ್ತಿದ್ದರು. ಡಾಕ್ಟರಿಗೆ ಮಾತ್ರ ಉಪಾಯ ಹೊಳೆಯಿತು. ಹೆಂಡತಿ ವಾಕ್ಯ ಹೇಳದಿದ್ದರೇನು, ದಿನವೂ ಮಾತಾಡುತ್ತಾಳಲ್ಲ? ಬೇಕಾದ ಪದಗಳು ಒಂದೊಂದಾಗಿ ಎಲ್ಲಾದರೂ ಬಿದ್ದೇ ಬೀಳುತ್ತವೆ. ಚಿಂದಿ ಬಟ್ಟೆ ಕೂಡಿಸಿ ಹೊದಿಕೆ ಹೊಲಿದಂತೆ ಜೋಡಿಸಿಬಿಟ್ಟರಾಯಿತು. ಮೊಬೈಲನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟು, ರೆಕಾರ್ಡಿಂಗ್ ಒತ್ತಿ, ಏನೂ ಅರಿಯದವರಂತೆ ಪೇಪರು ಹಿಡಿದು ಕೂತರು.

ಮೂರು ದಿನ ಬೇಟೆ ನಡೆಯಿತು. ಪಕ್ಕದ ಮನೆಯಾಕೆ ಬಂದಾಗ "ಬನ್ನಿ, ಬನ್ನಿ" ಸಿಕ್ಕಿತು. "ನಮ್ಮ ಮನೆಯಲ್ಲಿ ಕಿವಿ ಇರೋರು ಯಾರಾದ್ರೂ ಇದ್ದಾರಾ?" ಎಂಬುದರಿಂದ 'ನಮ್ಮ ಮನೆಯಲ್ಲಿ' ಕತ್ತರಿಸಿಕೊಳ್ಳಬಹುದಿತ್ತು. "ಪಾತ್ರೆ ತಾನಾಗಿಯೇ ಎದ್ದು ಹೋಗಿ ತೊಳ್ಕೊಳ್ಳುತ್ತಾ?" ಎಂದಾಗ ಡಾಕ್ಟರಿಗೆ ಎಷ್ಟು ಸಂತೋಷವಾಯಿತೆಂದರೆ, ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳಬೇಕಾಯಿತು. 'ಕೆಲಸ' ನಲವತ್ತೊಂದು ಸಲ ಬಂತು. 'ಇಲ್ಲ'ಕ್ಕೆ ಲೆಕ್ಕವೇ ಇರಲಿಲ್ಲ.

ಬಾರದೆ ಹೋದದ್ದು 'ದಣಿವು' ಒಂದೇ. ಮಂಗಳವಾರ ಬರಲಿಲ್ಲ, ಬುಧವಾರ ಬರಲಿಲ್ಲ. ಸೊಂಟ ಹಿಡಿದುಕೊಂಡು ನಿಂತಾಗಲೂ ಆಕೆ ಆ ಪದ ಎತ್ತುತ್ತಿರಲಿಲ್ಲ. ಗುರುವಾರ ಸಂಜೆ ಡಾಕ್ಟರು ತಾಳಲಾರದೆ ಪೇಪರು ಮಡಚಿ, ತಾವೇ ಗಾಳ ಹಾಕಿದರು.

"ಏನೇ, ದಣಿವಾಗಿದೆಯಾ?"

ಸೌಟು ನಿಂತಿತು. ಆಕೆ ತಿರುಗಿ ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಯಾಕೆ? ಏನಾದ್ರೂ ಒಡೆದು ಹಾಕಿದ್ರಾ?"

"ಇಲ್ಲಪ್ಪ. ಸುಮ್ಮನೆ ಕೇಳ್ದೆ."

"ಇಪ್ಪತ್ತೆಂಟು ವರ್ಷದಲ್ಲಿ ಸುಮ್ಮನೆ ಕೇಳಿದ್ದು ಇದೇ ಮೊದಲು." ಮತ್ತೆ ಒಲೆಯ ಕಡೆ ತಿರುಗಿ, ದನಿ ತಗ್ಗಿಸಿ ಸೇರಿಸಿದಳು: "ದಣಿವು ಅಂತ ಹೇಳಿದ್ರೆ ಕೂತ್ಕೋಬೇಕಾಗುತ್ತೆ ರೀ. ಕೂತ್ರೆ ಏಳೋಕಾಗಲ್ಲ. ಅದಕ್ಕೇ ಹೇಳಲ್ಲ."

ಡಾಕ್ಟರ ಎದೆಯಲ್ಲಿ ಎಲ್ಲೋ ಒಂದು ತಿರುಪು ಅರ್ಧ ಸುತ್ತು ತಿರುಗಿತು. ಆದರೆ ಅದರ ಹಿಂದೆಯೇ, ಸಿಕ್ಕಿತಲ್ಲ ಪದ, ಎಂಬ ಹಿಗ್ಗು ಬಂದು ಆ ತಿರುಪನ್ನು ಮರೆಸಿಬಿಟ್ಟಿತು.

ಶುಕ್ರವಾರ ಊಟ ಬಿಟ್ಟು ಆಫೀಸಿನ ಕಂಪ್ಯೂಟರಿನಲ್ಲಿ ಪದಗಳನ್ನು ಜೋಡಿಸಿದರು. "ಬನ್ನಿ, ಬನ್ನಿ" ಅಕ್ಕರೆಯಿಂದ ಕರೆಯುತ್ತಿತ್ತು, "ನಮ್ಮ ಮನೆಯಲ್ಲಿ" ಜಗಳಕ್ಕೆ ನಿಂತಿತ್ತು, "ತಾನಾಗಿಯೇ" ಅಣಕಿಸುತ್ತಿತ್ತು. ಇರಲಿ, ವಾಕ್ಯವಾಯಿತು. ಮೂರು ದಿನದ ರೆಕಾರ್ಡಿಂಗಿನಿಂದ ಆರಿಸಿಟ್ಟ ಮೂಲ ತುಣುಕುಗಳನ್ನೂ, ಕಳೆದುಹೋಗದಿರಲೆಂದು, ಅದೇ ಸಣ್ಣ ಕಾರ್ಡಿಗೆ ಮೊದಲು ಹಾಕಿ, ಅದರ ಹಿಂದೆ ವಾಕ್ಯ ಹಾಕಿ, ಗೊಂಬೆಯ ಬೆನ್ನಿನಲ್ಲಿದ್ದ ಹೊಸ ಪ್ಲೇಯರಿಗೆ ಸಿಕ್ಕಿಸಿದರು. ಆ ಪ್ಲೇಯರು ಮೊದಲು ಹಾಕಿದ್ದನ್ನೇ ಮೊದಲು ನುಡಿಸುತ್ತದೆಂದು ಅದರ ಪೆಟ್ಟಿಗೆಯ ಮೇಲೆ ಬರೆದಿತ್ತು. ಪೆಟ್ಟಿಗೆಯ ಮೇಲಿನದನ್ನು ಓದುವವರು ಹೊಸಬರು. ಮೂವತ್ತೊಂದು ವರ್ಷದ ಅನುಭವಿಗಳು ಪೆಟ್ಟಿಗೆ ಹರಿದು ಬಿಸಾಡುತ್ತಾರೆ.

ಶನಿವಾರ ಬೆಳಿಗ್ಗೆ ರೈಡಿನ ಬಾಗಿಲಿಗೆ ಬಂದ ಡಾಕ್ಟರು ಹೊಸ್ತಿಲಲ್ಲೇ ನಿಂತುಬಿಟ್ಟರು. ಹೊಸ ಯಜಮಾನಿಯ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ಅವರ ಹೆಂಡತಿ ನಿಂತಿದ್ದಳು.

"ಆ ದನಿಯವರು ಇನ್ನೂ ಇದ್ದಾರೆ ಅಂತ ಮ್ಯಾನೇಜರು ಅಂದಾಗ, ನಾನೇ ಕರೆಸಿದೆ," ಎಂದರು ಯಜಮಾನಿ. ದಪ್ಪನೆಯ, ಉಬ್ಬಸದ ಹೆಂಗಸು. ಬೆಳಗಿನಿಂದ ಹದಿನಾಲ್ಕು ರೈಡು ನೋಡಿ ಬಂದಿದ್ದರು.

"ಟೇಪು ಕೂಡಿಸಿಬಿಟ್ರಂತಲ್ಲ," ಎಂದಳು ಹೆಂಡತಿ, ಗಂಡನ ಕಡೆ ವಾಲಿ. "ಒಂದು ಮಾತು ಹೇಳಬಾರದಿತ್ತಾ? ನನ್ನ ಹಳೇ ದನಿ ಕೇಳಿ ಎಷ್ಟು ವರ್ಷ ಆಯ್ತು." ಆಕೆಯ ಮುಖದಲ್ಲಿ ಟಿಕೆಟ್ ಕೌಂಟರಿನ ಕಾಲದ ಬೆಳಕಿತ್ತು.

ಡಾಕ್ಟರು "ಹೂಂ" ಎಂದರು.

ಮುಂದಿನ ಸೀಟಿನಲ್ಲಿ ಹೆಂಗಸರಿಬ್ಬರೂ, ಹಿಂದಿನ ಸೀಟಿನಲ್ಲಿ ಮ್ಯಾನೇಜರು, ಡಾಕ್ಟರೂ ಕೂತರು. ಹಿಂದೆ ಇನ್ನೆರಡು ಬಂಡಿಗಳಲ್ಲಿ ಕಾಲು ನೋಯುವ ಜನ. ಯಜಮಾನಿ ಬೂಟು ಬಿಚ್ಚಿ ಕಾಲು ಚಾಚಿದರು. ಅಜ್ಜಿ ಹೆಣೆದಳು, ನಾಯಿ ಕಿರ್‍ರೆಂದಿತು. ಬಂಡಿ ಅಡುಗೆಮನೆಗೆ ಹೊಕ್ಕಿತು.

ಅಮ್ಮ ಗೊಂಬೆ ಬಾಯಿ ತೆರೆಯಿತು. ಮೊದಲು ಪಾತ್ರೆ ಬಿದ್ದ ಸದ್ದು. ಆಮೇಲೆ:

"ಎಷ್ಟು ಸಲ ಹೇಳಿದ್ದೀನಿ ರೀ, ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂತ!"

ಅಪ್ಪ ಗೊಂಬೆ ತಲೆಯಾಡಿಸಿತು.

"ಏನು ಹೇಳ್ದೆ, ಹೇಳಿ ನೋಡೋಣ?"

ಅಪ್ಪ ಗೊಂಬೆ ತಲೆಯಾಡಿಸಿತು.

ಡಾಕ್ಟರು ಸೀಟಿನಿಂದ ಅರ್ಧ ಎದ್ದರು. ಬಂಡಿ ಬೇಗ ದಾಟಿದರೆ ಸಾಕೆಂಬ ಬುದ್ಧಿ ಬರಬೇಕಿತ್ತು. ಬಂದದ್ದು, ಹೇಗಾದರೂ ನಿಲ್ಲಿಸಬೇಕೆಂಬ ಬುದ್ಧಿ. ಕೈಚಾಚಿ ಗೋಡೆಯ ಕೆಂಪು ಗುಂಡಿ ಒತ್ತಿಬಿಟ್ಟರು. ಬಂಡಿಗಳು ನಿಂತವು. ಆದರೆ ಗೊಂಬೆಗಳ ವೈರೇ ಬೇರೆ, ಅಮ್ಮನ ಪ್ಲೇಯರಿಗೆ ಅದರದೇ ಬ್ಯಾಟರಿ. ಈಗ ಎಲ್ಲರೂ ಅಡುಗೆಮನೆಯ ಮುಂದೆ, ಅಮ್ಮನ ಎದುರಿಗೆ, ಕದಲದಂತೆ ಕೂತಿದ್ದರು. ಮತ್ತೆ ಚಾಲೂ ಮಾಡಲು ಹೊರಗಿನ ಕೋಣೆಗೆ ಹೋಗಬೇಕು. ಹೋಗಬೇಕೆಂದರೆ ಹೆಂಡತಿಯ ಮುಂದಿನಿಂದಲೇ ಇಳಿಯಬೇಕು.

"ನಮ್ಮ ಮನೆಯಲ್ಲಿ ಕಿವಿ ಇರೋರು ಯಾರಾದ್ರೂ ಇದ್ದಾರಾ?" ಎಂದಿತು ಗೊಂಬೆ.

ಹಿಂದಿನ ಬಂಡಿಯಿಂದ ಯಾರೋ ಕಿಸಕ್ಕೆಂದರು. "ಪಾತ್ರೆ ತಾನಾಗಿಯೇ ಎದ್ದು ಹೋಗಿ ತೊಳ್ಕೊಳ್ಳುತ್ತಾ?" ಎಂಬಲ್ಲಿ ಎರಡೂ ಬಂಡಿಗಳು ನಕ್ಕವು. "ನಮ್ಮೋರೂ ಥೇಟ್ ಹಿಂಗೇ ಕತ್ತು ಆಡಿಸ್ತಾರೆ," ಎಂದಳೊಬ್ಬಳು. "ಶ್, ಸುಮ್ನಿರೇ, ಮುಂದೇನು ಹೇಳ್ತಾಳೆ ಕೇಳೋಣ," ಎಂದಳು ಜೊತೆಯವಳು. ಆ ಮನೆಯಲ್ಲಿ ಜನ ನಗುವುದನ್ನು ಡಾಕ್ಟರು ಕೇಳಿ ಹದಿನೈದು ವರ್ಷವಾಗಿತ್ತು. ಅದೂ ಈಗ ಅವರಿಗೆ ಚೂರಿ ಇರಿದಂತಿತ್ತು.

ಹೆಂಡತಿ ತಿರುಗಿ ನೋಡಲಿಲ್ಲ. ಇಸ್ತ್ರಿಯ ಮಡಿಕೆಯನ್ನು ತೊಡೆಯ ಮೇಲೆ ಮತ್ತೆ ಮತ್ತೆ ಒತ್ತುತ್ತಿದ್ದಳು.

ಆಮೇಲೆ ಗೊಂಬೆಯ ಬಾಯಿಂದ ಡಾಕ್ಟರದೇ ದನಿ ಬಂತು: "ಏನೇ, ದಣಿವಾಗಿದೆಯಾ?"

"ಯಾಕೆ? ಏನಾದ್ರೂ ಒಡೆದು ಹಾಕಿದ್ರಾ?"

ಯಾರೋ ಚಪ್ಪಾಳೆ ಹೊಡೆದರು. ಆದರೆ ಅದರ ಹಿಂದಿನ ಮಾತು, ದನಿ ತಗ್ಗಿಸಿ ಹೇಳಿದ ಆ ಮೂರು ವಾಕ್ಯ, ಬಂದಾಗ ನಗು ನಿಂತಿತು. ಬಣ್ಣ ಉದುರಿದ ಕೆನ್ನೆ, ಒಂದು ಕ್ಷಣ ತಡವಾಗಿ ಅಲ್ಲಾಡುವ ತುಟಿ, ಖಾಲಿ ಪಾತ್ರೆಯಲ್ಲಿ ತಿರುಗುತ್ತಲೇ ಇರುವ ಸೌಟು. ಕಾಲು ನೋಯುವವರೆಲ್ಲ ಮೊದಲ ಸಲ ಆ ಗೊಂಬೆಯನ್ನು ನೆಟ್ಟ ಕಣ್ಣಿನಿಂದ ನೋಡಿದರು. ಅಪ್ಪ ಗೊಂಬೆ ತಲೆಯಾಡಿಸಿತು.

ಡಾಕ್ಟರು ಕೊನೆಗೂ ಇಳಿದು, ಗೊಂಬೆಯ ಬೆನ್ನು ಬಿಚ್ಚಿ, ಕಾರ್ಡು ಕಿತ್ತರು. ಕಿತ್ತ ಕಾರ್ಡನ್ನು ಅಂಗೈಯಲ್ಲಿ ಹಿಡಿದು, ಇಂಗು ತಿಂದ ಮಂಗನಂತೆ ಅಮ್ಮ ಗೊಂಬೆಯ ಪಕ್ಕದಲ್ಲೇ ನಿಂತರು.

"ತಪ್ಪಾಯ್ತು," ಎಂದರು. ಯಾರಿಗೆ ಹೇಳಿದರೋ, ಯಜಮಾನಿಗೋ ಹೆಂಡತಿಗೋ, ಅವರಿಗೇ ತಿಳಿಯಲಿಲ್ಲ. "ಸ್ಪ್ಯಾನರ್ ಪೆಟ್ಟಿಗೆ ಹೊರಗಿದೆ. ತಂದುಕೊಡ್ತೀನಿ."

ಯಜಮಾನಿ ಬೂಟಿಗೆ ಕಾಲು ತುರುಕುತ್ತಿದ್ದರು. "ಬೆಳಗಿಂದ ಹದಿನಾಲ್ಕು ಕಡೆ ಕಿರುಚಾಟ ಕೇಳಿದ್ದೀನಿ ಮ್ಯಾನೇಜರೇ. ನನಗೆ ಏನಾದ್ರೂ ಅನ್ನಿಸಿದ್ದು ಇಲ್ಲೊಂದೇ ಕಡೆ. ಇದನ್ನ ಕೆಡವೋದು ಬೇಡ. ಇದೇ ಮಾತು ಇರಲಿ." ಆಮೇಲೆ ಪಕ್ಕಕ್ಕೆ ತಿರುಗಿ ಹೇಳಿದರು: "ಆದ್ರೆ ಅಮ್ಮ, ಮಾತು ನಿಮ್ಮದು. ನೀವು ಬೇಡ ಅಂದ್ರೆ ಇವತ್ತೇ ಬೀಗ ಹಾಕಿಸ್ತೀನಿ."

ಮೂವತ್ತೊಂದು ವರ್ಷದ ನೌಕರಿ, ಅಜ್ಜಿ, ನಾಯಿ, ತಿರುಪು, ಎಣ್ಣೆ ಎಲ್ಲವೂ ಇಸ್ತ್ರಿಯ ಮಡಿಕೆಯ ಮೇಲಿದ್ದ ಆ ಎರಡು ಕೈಗಳಿಗೆ ಬಂದು ಸೇರಿದವು.

"ಕದ್ದು ಕೇಳಿಸಿಕೊಂಡಿದ್ದನ್ನ ಮನೆಗೆ ಹೋದ ಮೇಲೆ ನೋಡ್ಕೋತೀನಿ," ಎಂದಳು ಹೆಂಡತಿ. "ನನ್ನ ಮಾತು ಇರ್ಲಿ. ಆದ್ರೆ ಅಷ್ಟೆಲ್ಲ ಹೇಳಿದ ಮೇಲೆ ಆ ಅಪ್ಪ ಸುಮ್ಮನೆ ಕತ್ತು ಆಡಿಸೋದು ಬೇಡ. ಎದ್ದು ಹೋಗಿ ಆ ಟವೆಲ್ ಒಣಗಿ ಹಾಕ್ಲಿ. ಅಷ್ಟಾದ್ರೆ ನನ್ನ ಒಪ್ಪಿಗೆ."

"ಸರಿಯಾದ ಮಾತು," ಎಂದರು ಯಜಮಾನಿ.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಅದು ಏಳಲ್ಲ ಮೇಡಂ. ಸೊಂಟದಿಂದ ಕೆಳಗೆ ಅದಕ್ಕೆ ಏನೂ ಇಲ್ಲ, ಕುರ್ಚಿಗೆ ಬೆಸೆದಿರೋ ಒಂದು ಪೈಪು ಅಷ್ಟೇ. ಎಬ್ಬಿಸಬೇಕು ಅಂದ್ರೆ ಬುಡದಿಂದ ಬಿಚ್ಚಿ, ಹೊಸದಾಗಿ ಕಾಲು ಮಾಡಿ, ಮಂಡಿ ಕೂರಿಸಿ, ನಡೆಯೋದು ಕಲಿಸಿ... ಏನಿಲ್ಲ ಅಂದ್ರೂ ಆರು ತಿಂಗಳು ಬೇಕು."

"ಆರು ತಿಂಗಳು ಕಾಯೋಕಾಗುತ್ತಾ ಅಮ್ಮ?" ಎಂದು ಯಜಮಾನಿ ಕೇಳಿದರು.

ಹೆಂಡತಿ ಮೊದಲ ಸಲ ಗಂಡನ ಕಡೆ ತಿರುಗಿ, ಆತನನ್ನೂ ಕುರ್ಚಿಯಲ್ಲಿದ್ದ ಅಪ್ಪ ಗೊಂಬೆಯನ್ನೂ ಒಂದೇ ನೋಟದಲ್ಲಿ ಅಳೆದಳು.

"ಇಪ್ಪತ್ತೆಂಟು ವರ್ಷ ಕಾದಿದ್ದೀನಿ ಮೇಡಂ," ಎಂದಳು. "ಆರು ತಿಂಗಳು ಏನು ಮಹಾ."